ಎಷ್ಟು ದೂರದ ದೀಪ ಇದು?

2022ನೆಯ ಇಸವಿ ಅಕ್ಟೋಬರ್ 9, ಭಾನುವಾರ. ಅಂದು ವಾಲ್ಮೀಕಿ ಜಯಂತಿ, ಹುಣ್ಣಿಮೆಯೂ ಹೌದು. ಸಂಜೆ 6 ಗಂಟೆ 47 ನಿಮಿಷ. ಹಚ್ಚೊಳ್ಳಿಯಲ್ಲಿ ಸೂರ್ಯ ಮುಳುಗಿ ಮುಕ್ಕಾಲು ಗಂಟೆ ಆಗಿತ್ತು. ಆಗ ಹೆಚ್ಚುಕಡಿಮೆ ನಮ್ಮ ನೆತ್ತಿಯ ದಿಕ್ಕಿನಿಂದಲೇ ಗಾಮಾ ಕಿರಣಗಳ ಒಂದು ದೊಡ್ಡ ಪ್ರವಾಹ ಭೂಮಿಯನ್ನು ತಲುಪಿತು. ಬೀದಿಯಲ್ಲಿ ಆಡುತ್ತಿದ್ದವರಿಗೆ, ಗದ್ದೆಯಿಂದ ಮನೆಗೆ ಬರುತ್ತಿದ್ದವರಿಗೆ ಏನೂ ತಿಳಿಯಲಿಲ್ಲ. ಗಾಮಾ ಕಿರಣ ಕಣ್ಣಿಗೆ ಕಾಣದು. ಜೊತೆಗೆ ನಮ್ಮ ಮೇಲಿರುವ ಗಾಳಿಯ ದಪ್ಪ ಹೊದಿಕೆ ಆ ಕಿರಣಗಳನ್ನು ನೆಲಕ್ಕೆ ಬಿಡದೆ ಮೇಲೆಯೇ ಹೀರಿಕೊಳ್ಳುತ್ತದೆ. ಆದರೆ ಮೇಲ್ಗಡೆಯ ಅಯಾನುಗೋಳ ಎಂಬ ಪದರ ಅಂದು ಕದಡಿಹೋಯಿತು. ಬಾಹ್ಯಾಕಾಶದಲ್ಲಿದ್ದ ಉಪಗ್ರಹಗಳ ಉಪಕರಣಗಳು ಒಂದಾದ ಮೇಲೊಂದು ಎಚ್ಚರಿಕೆ ಕೊಟ್ಟವು. ನಮ್ಮ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹವೂ ಅದನ್ನು ದಾಖಲಿಸಿತು.

ಇಂಥ ಘಟನೆಗೆ ಗಾಮಾ ಕಿರಣ ಸ್ಫೋಟ ಎಂದು ಹೆಸರು. ಅಂದಿನದಕ್ಕೆ ಜಿಆರ್‌ಬಿ 221009ಎ ಎಂದು ಗುರುತು ಕೊಟ್ಟಿದ್ದಾರೆ. ಆ ಅಂಕಿಗಳನ್ನು ಎರಡೆರಡಾಗಿ ಬಿಡಿಸಿ ಓದಿ. 22, 10, 09. ಇಸವಿ, ತಿಂಗಳು, ತಾರೀಖು! ಈ ವರೆಗೆ ದಾಖಲಾದ ಸ್ಫೋಟಗಳಲ್ಲೆಲ್ಲ ಇದೇ ಅತಿ ಪ್ರಕಾಶಮಾನವಾದದ್ದು. ಇಷ್ಟು ಪ್ರಕಾಶ 10,000 ವರ್ಷಕ್ಕೊಮ್ಮೆ ಬಂದರೆ ಬಂದೀತು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

ಅಕ್ಟೋಬರ್ ತಿಂಗಳ ಸಂಜೆ ಹೊರಗೆ ನಿಂತು ತಲೆ ಎತ್ತಿ ನೋಡಿ. ನೆತ್ತಿಯ ಆಸುಪಾಸಿನಲ್ಲಿ ಶ್ರವಣ ನಕ್ಷತ್ರ ಹೊಳೆಯುತ್ತಿರುತ್ತದೆ. ಅದರಿಂದ ಸ್ವಲ್ಪ ಉತ್ತರಕ್ಕೆ ಬಾಣದ ಆಕಾರದ ಪುಟ್ಟ ನಕ್ಷತ್ರಪುಂಜವಿದೆ. ಆ ಸ್ಫೋಟ ಬಂದದ್ದು ಆ ದಿಕ್ಕಿನಿಂದ. ಆದರೆ ಆ ನಕ್ಷತ್ರಗಳಿಂದ ಅಲ್ಲ, ಅವುಗಳಿಗಿಂತ ಎಷ್ಟೋ ಹಿಂದಿನಿಂದ. ಆ ಗಾಮಾ ಕಿರಣಗಳು ತಮ್ಮ ಜಾಗದಿಂದ ಹೊರಟು ಸುಮಾರು 190 ಕೋಟಿ ವರ್ಷಗಳಾಗಿದ್ದವು.

ಇದನ್ನು ಹೇಳಿದ ಕೂಡಲೇ ಯಾವ ಶಾಲೆಯಲ್ಲಾದರೂ ಒಬ್ಬ ವಿದ್ಯಾರ್ಥಿ ಎದ್ದು ನಿಂತು, "ಸರಿ, ಆದರೆ ಅಷ್ಟು ದೂರ ಅಂತ ಯಾರು ಅಳೆದರು? ಹೇಗೆ ಅಳೆದರು?" ಎಂದು ಕೇಳುತ್ತಾನೆ ಅಥವಾ ಕೇಳುತ್ತಾಳೆ. ಬಹಳ ಒಳ್ಳೆಯ ಪ್ರಶ್ನೆ. ಈ ಪಾಠ ಇರುವುದೇ ಅದಕ್ಕಾಗಿ.

ಗಿರಣಿಯ ದೀಪ

ಸಿರುಗುಪ್ಪ ತಾಲ್ಲೂಕಿನವರಿಗೆ ಅಕ್ಕಿ ಗಿರಣಿ ಹೊಸದಲ್ಲ. ರಾತ್ರಿ ಬಯಲಿನ ಆಚೆ ಗಿರಣಿಯ ದೀಪ ಒಂದು ಚುಕ್ಕಿಯಂತೆ ಕಾಣುತ್ತದೆ. ಅದು ಎಷ್ಟು ದೂರದಲ್ಲಿದೆ? ದೀಪ ಮಂಕಾಗಿದ್ದರೆ ದೂರ ಎನ್ನುತ್ತೀರಿ, ಪ್ರಕಾಶವಾಗಿದ್ದರೆ ಹತ್ತಿರ ಎನ್ನುತ್ತೀರಿ. ಆದರೆ ಹತ್ತಿರದ ಸಣ್ಣ ಬಲ್ಬೂ ದೂರದ ದೊಡ್ಡ ಬಲ್ಬೂ ಒಂದೇ ತರಹ ಕಾಣಬಹುದಲ್ಲವೇ?

ಇದಕ್ಕೊಂದು ಲೆಕ್ಕವಿದೆ. ಮಾಡಿ ನೋಡಿಯೇ ತಿಳಿಯೋಣ. ಒಂದು ರಟ್ಟಿನಲ್ಲಿ 2 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಚೌಕ ಕತ್ತರಿಸಿ. ಕತ್ತಲೆ ಕೋಣೆಯಲ್ಲಿ ಶಿಕ್ಷಕರ ಮೊಬೈಲಿನ ದೀಪ ಹಚ್ಚಿ, ಅದರಿಂದ 20 ಸೆಂಟಿಮೀಟರ್ ದೂರದಲ್ಲಿ ರಟ್ಟನ್ನು ನಿಲ್ಲಿಸಿ. ಅದರ ಹಿಂದೆ, ದೀಪದಿಂದ 40 ಸೆಂಟಿಮೀಟರ್ ದೂರಕ್ಕೆ ಬಿಳಿ ಹಾಳೆ ಹಿಡಿಯಿರಿ. ಹಾಳೆಯ ಮೇಲೆ ಮೊದಲೇ 2 ಸೆಂಟಿಮೀಟರ್ ಚೌಕಗಳನ್ನು ಗೆರೆ ಎಳೆದಿಟ್ಟುಕೊಂಡಿರಿ. ಬೆಳಕು 4 ಚೌಕಗಳನ್ನು ತುಂಬುತ್ತದೆ. ಹಾಳೆಯನ್ನು 60 ಸೆಂಟಿಮೀಟರಿಗೆ ಸರಿಸಿದರೆ 9 ಚೌಕ. ಬೆಳಕು ಹೆಚ್ಚಾಗಲಿಲ್ಲ. ಅದೇ ಬೆಳಕನ್ನು ಹೆಚ್ಚು ಚೌಕಗಳು ಹಂಚಿಕೊಂಡವು, ಅಷ್ಟೆ. ಹಾಗಾಗಿ ದೂರ ಎರಡು ಪಟ್ಟಾದರೆ ಒಂದು ಚೌಕಕ್ಕೆ ಸಿಗುವ ಬೆಳಕು ನಾಲ್ಕರಲ್ಲಿ ಒಂದು ಪಾಲು. ದೂರ ಮೂರು ಪಟ್ಟಾದರೆ ಒಂಬತ್ತರಲ್ಲಿ ಒಂದು ಪಾಲು.

ಈಗ ಗಿರಣಿಗೆ ಬನ್ನಿ. 100 ಮೀಟರ್ ದೂರದ 5 ವ್ಯಾಟ್ ಎಲ್‌ಇಡಿ ಬಲ್ಬು, 200 ಮೀಟರ್ ದೂರದ 20 ವ್ಯಾಟ್ ಬಲ್ಬು, ಎರಡೂ ಕಣ್ಣಿಗೆ ಒಂದೇ ಸಮ. ಬಲ್ಬು ಎಷ್ಟು ವ್ಯಾಟಿನದು ಎಂದು ಗೊತ್ತಿದ್ದರೆ ಮಾತ್ರ ದೂರ ಹೇಳಬಹುದು. ಗೊತ್ತಿಲ್ಲದಿದ್ದರೆ ಹೇಳಲಾಗದು. ಆಕಾಶದಲ್ಲಿ ದೂರ ಅಳೆಯುವವರ ಕಷ್ಟವೆಲ್ಲ ಈ ಒಂದು ಮಾತಿನಲ್ಲಿದೆ. ನಕ್ಷತ್ರಗಳ ಮೇಲೆ ಯಾರೂ ವ್ಯಾಟ್ ಎಷ್ಟೆಂದು ಬರೆದಿಲ್ಲ!

ವ್ಯಾಟ್ ಗೊತ್ತಿರುವ ದೀಪ

ಹಾಗೆ ಬರೆದಿಟ್ಟಂತಿರುವ ಒಂದು ಬಗೆಯ ದೀಪ ಆಕಾಶದಲ್ಲಿದೆ. ಅದನ್ನು ಅರ್ಥ ಮಾಡಿಕೊಳ್ಳಲು ನೆರವಾದ ಲೆಕ್ಕ ಮಾಡಿದವರು ಸುಬ್ರಹ್ಮಣ್ಯನ್ ಚಂದ್ರಶೇಖರ್. 1930ರಲ್ಲಿ ಓದಲೆಂದು ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುತ್ತಿದ್ದಾಗ ಅವರು ಈ ಲೆಕ್ಕ ಮಾಡಿದರು. ಆಗ ಅವರಿಗೆ ಇನ್ನೂ ಹತ್ತೊಂಬತ್ತು ವರ್ಷ. ಸೂರ್ಯನಂಥ ನಕ್ಷತ್ರ ತನ್ನ ಇಂಧನ ಮುಗಿಸಿ ಕುಗ್ಗಿ ಉಳಿಯುವ ಗಟ್ಟಿ ಗೋಳಕ್ಕೆ ಶ್ವೇತಕುಬ್ಜ ಎಂದು ಹೆಸರು. ಅದರ ತೂಕ ಸೂರ್ಯನ ತೂಕದ ಸುಮಾರು 1.4 ಪಟ್ಟನ್ನು ಮೀರಲಾರದು ಎಂದು ಚಂದ್ರಶೇಖರ್ ತೋರಿಸಿದರು. ಪಕ್ಕದ ನಕ್ಷತ್ರದಿಂದ ದ್ರವ್ಯ ಸೆಳೆದುಕೊಂಡು ಶ್ವೇತಕುಬ್ಜವೊಂದು ಈ ಮಿತಿಯ ಹತ್ತಿರ ಬಂದಾಗ ಸಿಡಿದು ಚೂರಾಗಬಹುದು. ಇದು ಒಂದು ಬಗೆಯ ಸೂಪರ್ನೋವಾ. ಸಿಡಿಯುವ ತೂಕ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅವುಗಳ ಪ್ರಕಾಶವೂ ಹೆಚ್ಚುಕಡಿಮೆ ಒಂದೇ. ಸ್ವಲ್ಪ ವ್ಯತ್ಯಾಸವಿದ್ದರೂ ಸರಿಪಡಿಸುವ ದಾರಿ ಗೊತ್ತಿದೆ. ನಿಧಾನವಾಗಿ ಮಂಕಾಗುವುದು ಹೆಚ್ಚು ಪ್ರಕಾಶದ್ದು, ಬೇಗ ಮಂಕಾಗುವುದು ಕಡಿಮೆ ಪ್ರಕಾಶದ್ದು.

ದೂರದ ಬೆಳಕು ಇನ್ನೊಂದು ಸುದ್ದಿಯನ್ನೂ ತರುತ್ತದೆ. ಹಳೆಯ ಸೈಕಲ್ ಟ್ಯೂಬಿನ ಒಂದು ಪಟ್ಟಿ ಕತ್ತರಿಸಿ, ಅದರ ಮೇಲೆ ಸುಣ್ಣದಕಡ್ಡಿಯಿಂದ ಅಲೆಯ ಗೆರೆ ಬರೆಯಿರಿ. ಪಟ್ಟಿಯನ್ನು ಎಳೆಯಿರಿ. ಅಲೆಯೂ ಉದ್ದವಾಗುತ್ತದೆ. ವಿಶ್ವ ಹಿಗ್ಗುತ್ತಿರುವುದರಿಂದ ಅದರಲ್ಲಿ ಸಾಗುವ ಬೆಳಕಿನ ಅಲೆಯೂ ಹೀಗೆಯೇ ಉದ್ದವಾಗಿ ಕೆಂಪಿನ ಕಡೆಗೆ ಸರಿಯುತ್ತದೆ. ಇದೇ ಕೆಂಪು ಪಲ್ಲಟ. ಬೆಳಕು ಹೊರಟ ಮೇಲೆ ವಿಶ್ವ ಎಷ್ಟು ಪಟ್ಟು ಹಿಗ್ಗಿತು ಎಂಬುದನ್ನು ಅದು ಹೇಳುತ್ತದೆ. ದೀಪದ ಮಂಕು ದೂರವನ್ನು ಹೇಳುತ್ತದೆ. ಎರಡನ್ನೂ ಜೋಡಿಸಿದರೆ ವಿಶ್ವ ಯಾವಾಗ ಎಷ್ಟು ವೇಗವಾಗಿ ಹಿಗ್ಗುತ್ತಿತ್ತು ಎಂಬ ಚರಿತ್ರೆ ಸಿಗುತ್ತದೆ.

1998ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಈ ಕೆಲಸ ಮಾಡಿದವು. ಗುರುತ್ವದ ಸೆಳೆತದಿಂದ ವಿಶ್ವ ಹಿಗ್ಗುವ ವೇಗ ಕಡಿಮೆಯಾಗುತ್ತಿರಬೇಕು ಎಂದು ಎಲ್ಲರೂ ನಂಬಿದ್ದರು. ದೂರದ ಸೂಪರ್ನೋವಾಗಳೋ ನಿರೀಕ್ಷೆಗಿಂತ ಮಂಕಾಗಿದ್ದವು. ಎಂದರೆ ನಿರೀಕ್ಷೆಗಿಂತ ದೂರದಲ್ಲಿದ್ದವು. ವೇಗ ಕಡಿಮೆಯಾಗುತ್ತಿಲ್ಲ, ಹೆಚ್ಚುತ್ತಿದೆ! ಮೇಲಕ್ಕೆ ಎಸೆದ ಚೆಂಡು ನಿಧಾನವಾಗಿ ಕೆಳಗೆ ಬರುವ ಬದಲು ಮತ್ತಷ್ಟು ಜೋರಾಗಿ ಮೇಲಕ್ಕೇ ಹೋದರೆ ಹೇಗಿರುತ್ತದೋ ಹಾಗೆ. ಇದಕ್ಕೆ ಕಾರಣವಾದ ಏನೋ ಒಂದಕ್ಕೆ ಡಾರ್ಕ್ ಎನರ್ಜಿ, ಕನ್ನಡದಲ್ಲಿ ಕಪ್ಪು ಶಕ್ತಿ, ಎಂದು ಹೆಸರಿಟ್ಟರು. ಹೆಸರಿಟ್ಟ ಮಾತ್ರಕ್ಕೆ ಅದು ಏನೆಂದು ತಿಳಿದಂತಾಗಲಿಲ್ಲ. ವಿಶ್ವದಲ್ಲಿರುವುದೆಲ್ಲವನ್ನೂ ನೂರು ಪಾಲು ಮಾಡಿದರೆ ಸುಮಾರು 68 ಪಾಲು ಇದೇ ಇದೆ ಎಂದು ಲೆಕ್ಕ ಹೇಳುತ್ತದೆ. ಆ ತಂಡಗಳ ಸಾಲ್ ಪರ್ಲ್‌ಮಟರ್, ಬ್ರಯಾನ್ ಶ್ಮಿಟ್ ಮತ್ತು ಆಡಂ ರೀಸ್ ಅವರಿಗೆ 2011ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಕಪ್ಪು ಶಕ್ತಿ ಎಂದೆಂದೂ ಒಂದೇ ಸಮನಾಗಿದೆಯೇ, ಇಲ್ಲ ಕಾಲ ಕಳೆದಂತೆ ಬದಲಾಗಿದೆಯೇ? ವಿಶ್ವದ ಮುಂದಿನ ಗತಿ ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ. ಉತ್ತರ ಬೇಕಾದರೆ ಬಹಳ ಹಿಂದಿನ ಕಾಲವನ್ನು, ಎಂದರೆ ಬಹಳ ದೂರದ ದೀಪಗಳನ್ನು ನೋಡಬೇಕು. ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷ ವಯಸ್ಸು. ಸುಮಾರು 1000 ಕೋಟಿ ವರ್ಷಕ್ಕಿಂತ ಹಿಂದಿನ ಈ ಬಗೆಯ ಸೂಪರ್ನೋವಾಗಳು ಸಿಗುವುದು ಬಲು ಅಪರೂಪ. ಅಷ್ಟು ದೂರದಲ್ಲಿ ಅವು ತೀರ ಮಂಕು. ಇನ್ನೂ ಜೋರಾದ ದೀಪ ಬೇಕು.

ಎಲ್ಲಕ್ಕಿಂತ ಜೋರಾದ ದೀಪ

ಗಾಮಾ ಕಿರಣ ಸ್ಫೋಟಗಳನ್ನು ಯಾರೂ ಹುಡುಕಿಕೊಂಡು ಹೋಗಿರಲಿಲ್ಲ. ಗುಟ್ಟಾಗಿ ಯಾರಾದರೂ ಅಣುಬಾಂಬ್ ಪರೀಕ್ಷೆ ಮಾಡುತ್ತಾರೆಯೇ ಎಂದು ಕಾವಲು ಕಾಯಲು ಅಮೆರಿಕ 1963ರಿಂದ ವೇಲಾ ಎಂಬ ಉಪಗ್ರಹಗಳನ್ನು ಹಾರಿಸಿತು. 1967ರ ಜುಲೈ 2ರಂದು ಅವು ಗಾಮಾ ಕಿರಣಗಳ ಒಂದು ಮಿಂಚನ್ನು ಕಂಡವು. ಅದು ಬಾಂಬಿನದಾಗಿರಲಿಲ್ಲ. ಇಂಥವು ಭೂಮಿಯಿಂದಲೂ ಅಲ್ಲ, ಸೂರ್ಯನಿಂದಲೂ ಅಲ್ಲ ಎಂದು ಖಚಿತ ಮಾಡಿಕೊಂಡು ವಿಜ್ಞಾನಿಗಳು 1973ರಲ್ಲಿ ಲೋಕಕ್ಕೆ ತಿಳಿಸಿದರು. ಅವು ಬೇರೆ ಗೆಲಾಕ್ಸಿಗಳಿಂದ ಬರುತ್ತವೆ ಎಂದು ನಿಶ್ಚಯವಾದದ್ದು 1997ರಲ್ಲಿ, ಒಂದು ಸ್ಫೋಟದ ಕೆಂಪು ಪಲ್ಲಟವನ್ನು ಅಳೆದ ಮೇಲೆ.

ಕೆಲವು ಕ್ಷಣ ಮಾತ್ರ ಇರುವ ಸಣ್ಣ ಸ್ಫೋಟಗಳೂ ಇವೆ. ಅವನ್ನು ಇಲ್ಲಿ ಬಿಡೋಣ. ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಇರುವ ಸ್ಫೋಟಗಳಲ್ಲಿ ಹೆಚ್ಚಿನವು ಸೂರ್ಯನಿಗಿಂತ ಎಷ್ಟೋ ಭಾರದ ನಕ್ಷತ್ರ ಕುಸಿದಾಗ ಆಗುತ್ತವೆ. ಸೂರ್ಯ ತನ್ನ 1000 ಕೋಟಿ ವರ್ಷಗಳ ಆಯುಸ್ಸಿನಲ್ಲಿ ಕೊಡುವಷ್ಟು ಶಕ್ತಿ ಕೆಲವೇ ಸೆಕೆಂಡುಗಳಲ್ಲಿ ಹೊರಬರುತ್ತದೆ. ಹಾಗಾಗಿ ಬಹಳ ದೂರದಿಂದಲೂ ಕಾಣುತ್ತವೆ. ದಾರಿಯಲ್ಲಿನ ಧೂಳು ಬೆಳಕನ್ನು ತಡೆದಂತೆ ಗಾಮಾ ಕಿರಣವನ್ನು ತಡೆಯದು. 2009ರ ಏಪ್ರಿಲ್ 23ರಂದು ಕಂಡ ಒಂದು ಸ್ಫೋಟದ ಕಿರಣಗಳು ಹೊರಟದ್ದು ಸುಮಾರು 1300 ಕೋಟಿ ವರ್ಷಗಳ ಹಿಂದೆ. ಆಗ ವಿಶ್ವ ಇನ್ನೂ ಎಳೆಯ ಕೂಸು!

ದೀಪವೇನೋ ಸಿಕ್ಕಿತು. ಆದರೆ ಎಷ್ಟು ವ್ಯಾಟಿನದು? ಗಾಮಾ ಸ್ಫೋಟಗಳು ಸೂಪರ್ನೋವಾದಂತೆ ಒಂದೇ ಸಮನಾಗಿಲ್ಲ. ಒಂದು ಇನ್ನೊಂದಕ್ಕಿಂತ ಸಾವಿರಾರು ಪಟ್ಟು ಜೋರಾಗಿರಬಹುದು. ಸಾಲದ್ದಕ್ಕೆ ಇವು ಬಲ್ಬಿನಂತೆ ಎಲ್ಲ ಕಡೆಗೂ ಬೆಳಗುವುದಿಲ್ಲ, ಬೈಕಿನ ಹೆಡ್‌ಲೈಟಿನಂತೆ ಒಂದು ಕಡೆಗೆ ಕಿರಣ ಚೆಲ್ಲುತ್ತವೆ. ಹೆಡ್‌ಲೈಟು ನೇರ ಕಣ್ಣಿಗೆ ಬಿದ್ದರೆ ಒಂದು ತರಹ, ಓರೆಯಾಗಿ ಬಿದ್ದರೆ ಇನ್ನೊಂದು ತರಹ.

ಕಮ್ಮಾರರ ಕಣ್ಣು

ನಿಮ್ಮ ಊರಿನ ಕಮ್ಮಾರರ ಕುಲುಮೆಯ ಮುಂದೆ ನಿಂತು ನೋಡಿ. ಕಬ್ಬಿಣ ಕಾಯುತ್ತಿದ್ದಂತೆ ಮೊದಲು ಮಂಕು ಕೆಂಪು, ಆಮೇಲೆ ಕಿತ್ತಳೆ, ಮತ್ತೂ ಕಾದರೆ ಹಳದಿ ಬಿಳುಪು. ಕಮ್ಮಾರರು ಮುಟ್ಟಿ ನೋಡುವುದಿಲ್ಲ, ಬಣ್ಣ ನೋಡಿಯೇ ಎಷ್ಟು ಕಾದಿದೆ ಎನ್ನುತ್ತಾರೆ. ಗಾಮಾ ಸ್ಫೋಟಕ್ಕೂ ಹೀಗೆ ಒಂದು 'ಬಣ್ಣ' ಇದ್ದರೆ?

ಇದೆ. ಸ್ಫೋಟದಿಂದ ಬರುವ ಗಾಮಾ ಕಿರಣಗಳೆಲ್ಲ ಒಂದೇ ಶಕ್ತಿಯವಲ್ಲ. ಕೆಲವು ಸೌಮ್ಯ, ಕೆಲವು ತೀಕ್ಷ್ಣ. ಯಾವ ಮಟ್ಟದಲ್ಲಿ ಸ್ಫೋಟದ ಶಕ್ತಿ ಅತಿ ಹೆಚ್ಚಾಗಿ ಹೊರಬರುತ್ತದೋ ಅದನ್ನು ಶಿಖರ ಎನ್ನೋಣ. ಇಟಲಿಯ ಲೊರೆಂಜೊ ಅಮಾತಿ ಮತ್ತು ಸಂಗಡಿಗರು 2002ರಲ್ಲಿ, ದೂರ ಗೊತ್ತಿದ್ದ ಹತ್ತಾರು ಸ್ಫೋಟಗಳನ್ನು ಹೋಲಿಸಿ ನೋಡಿದರು. ಶಿಖರ ಎಷ್ಟು ತೀಕ್ಷ್ಣವೋ ಸ್ಫೋಟದ ಒಟ್ಟು ಶಕ್ತಿಯೂ ಅಷ್ಟು ಹೆಚ್ಚು ಎಂಬ ನಂಟು ಕಂಡಿತು. ಗಾಮಾ ಕಿರಣಗಳು ಕಬ್ಬಿಣ ಕಾದು ಬೆಳಗುವ ರೀತಿಯಲ್ಲೇ ಹುಟ್ಟುತ್ತವೆ ಎಂದುಕೊಳ್ಳಬೇಡಿ, ಹೋಲಿಕೆ ಬಣ್ಣದ ಮಟ್ಟಿಗೆ ಮಾತ್ರ. ಆದರೆ ಉಪಯೋಗ ಒಂದೇ. ಶಿಖರವನ್ನು ನೋಡಿ ವ್ಯಾಟ್ ಊಹಿಸಿ, ವ್ಯಾಟಿನಿಂದ ದೂರ ಲೆಕ್ಕ ಹಾಕಬಹುದು.

ಊಹಿಸಿ ಎಂದೆ, ಗಮನಿಸಿ. ಸೂಪರ್ನೋವಾದಿಂದ ಅಳೆದ ದೂರದಲ್ಲಿ ತಪ್ಪು ನೂರಕ್ಕೆ ಐದರಿಂದ ಹತ್ತು ಇರಬಹುದು. ಒಂದೇ ಗಾಮಾ ಸ್ಫೋಟದಿಂದ ಅಳೆದರೆ ತಪ್ಪು ಅದಕ್ಕಿಂತ ಹಲವು ಪಟ್ಟು ಹೆಚ್ಚು. ಹಾಗಾದರೆ ಈ ಅಳತೆಗೋಲು ಕೆಲಸಕ್ಕೆ ಬಾರದೇ?

ನಿಮ್ಮ ತರಗತಿಯ 40 ಮಕ್ಕಳೂ ಶಾಲೆಯಿಂದ ಗುಡಿಯವರೆಗೆ ಹೆಜ್ಜೆ ಹಾಕಿ ಅಳೆಯಿರಿ. ಒಬ್ಬೊಬ್ಬರದು ಒಂದೊಂದು ಉತ್ತರ ಬರುತ್ತದೆ. ಎಲ್ಲವನ್ನೂ ಕೂಡಿಸಿ 40ರಿಂದ ಭಾಗಿಸಿದರೆ ನಿಜದ ಹತ್ತಿರ ಬರುತ್ತೀರಿ. ಒಬ್ಬರು ಹೆಚ್ಚು ಹೇಳಿದ್ದನ್ನು ಇನ್ನೊಬ್ಬರು ಕಡಿಮೆ ಹೇಳಿದ್ದು ಸರಿದೂಗಿಸುತ್ತದೆ. ಗಾಮಾ ಸ್ಫೋಟಗಳಲ್ಲೂ ಹಾಗೆಯೇ, ನೂರಾರು ಸ್ಫೋಟ ಸೇರಿಸಿದರೆ ಒರಟು ಅಳತೆ ನಯವಾಗುತ್ತದೆ.

ಆದರೆ ಎಲ್ಲ ಮಕ್ಕಳ ಕೈಗೂ ಒಂದೇ ತಪ್ಪು ಹಗ್ಗ ಕೊಟ್ಟರೆ? 40 ಅಲ್ಲ, 400 ಮಕ್ಕಳು ಅಳೆದರೂ ಉತ್ತರ ತಪ್ಪೇ. ಗಾಮಾ ಸ್ಫೋಟದವರ ನಿಜವಾದ ತಲೆನೋವು ಇದು. ಶಿಖರಕ್ಕೂ ಶಕ್ತಿಗೂ ನಂಟು ಕಂಡುಹಿಡಿಯಬೇಕಾದರೆ ಸ್ಫೋಟಗಳ ದೂರ ಮೊದಲೇ ಗೊತ್ತಿರಬೇಕು. ಆ ದೂರವನ್ನು ಕೆಂಪು ಪಲ್ಲಟದಿಂದ ಲೆಕ್ಕ ಹಾಕುವಾಗ ಕಪ್ಪು ಶಕ್ತಿ ಎಷ್ಟಿದೆ ಎಂದು ಮೊದಲೇ ಒಪ್ಪಿಕೊಂಡಿರುತ್ತಾರೆ. ಆಮೇಲೆ ಅದೇ ಅಳತೆಯಿಂದ ಕಪ್ಪು ಶಕ್ತಿಯನ್ನು ಕಂಡುಹಿಡಿಯಲು ಹೊರಟರೆ, ಒಂದು ಸೇರನ್ನು ಅದೇ ಸೇರಿನಿಂದ ಅಳೆದು ಸರಿಯಾಗಿದೆ ಎಂದಂತೆ! ಸಂತೆಯ ತಕ್ಕಡಿ ಕಲ್ಲಿಗೆ ಸರ್ಕಾರದ ಮುದ್ರೆ ಬೇಕಾದಂತೆ ಇದಕ್ಕೂ ಹೊರಗಿನದೊಂದು ಪರೀಕ್ಷೆ ಬೇಕು. 2008ರಲ್ಲಿ ಚೀನಾದ ಮತ್ತು ಜಪಾನಿನ ತಂಡಗಳು ಒಂದು ದಾರಿ ತೋರಿಸಿದವು. ಸೂಪರ್ನೋವಾಗಳು ಕಾಣುವಷ್ಟು ದೂರದೊಳಗಿನ ಗಾಮಾ ಸ್ಫೋಟಗಳನ್ನು ಸೂಪರ್ನೋವಾಗಳ ಜೊತೆ ಹೋಲಿಸಿ ಅಳತೆಗೋಲಿಗೆ ಗುರುತು ಹಾಕುವುದು, ಆಮೇಲೆ ಅದೇ ಗೋಲನ್ನು ಆಚೆಗಿನ ಸ್ಫೋಟಗಳಿಗೆ ಬಳಸುವುದು. ನನಗೆ ಇದು ಜಾಣತನದ ದಾರಿ ಎನಿಸುತ್ತದೆ. ಆದರೂ 1300 ಕೋಟಿ ವರ್ಷದ ಹಿಂದಿನ ನಕ್ಷತ್ರಗಳು ಹತ್ತಿರದವುಗಳಂತೆಯೇ ಸಿಡಿಯುತ್ತಿದ್ದವೇ ಎಂಬ ಅನುಮಾನ ಉಳಿದೇ ಇದೆ.

ಅನುಮಾನ ಏಕೆ ಮುಖ್ಯ ಎಂಬುದಕ್ಕೆ ಒಂದು ನಡೆದ ಕಥೆ. ಅಮೆರಿಕದ ಬ್ರಾಡ್ಲಿ ಶೇಫರ್ ಎಂಬ ವಿಜ್ಞಾನಿ 2006ರ ಜನವರಿಯಲ್ಲಿ 52 ಗಾಮಾ ಸ್ಫೋಟಗಳ ದೂರ ಲೆಕ್ಕ ಹಾಕಿ, ಕಪ್ಪು ಶಕ್ತಿ ಕಾಲದೊಂದಿಗೆ ಬದಲಾಗುತ್ತಿರುವಂತೆ ಕಾಣುತ್ತದೆ ಎಂದು ವಿಜ್ಞಾನಿಗಳ ಸಭೆಯಲ್ಲಿ ಹೇಳಿದರು. ದೊಡ್ಡ ಸುದ್ದಿಯಾಯಿತು. ಹಲವರು ನಂಬಲಿಲ್ಲ. ಮುಂದಿನ ವರ್ಷ ಅವರೇ 69 ಸ್ಫೋಟಗಳನ್ನು ತೆಗೆದುಕೊಂಡು ಲೆಕ್ಕವನ್ನು ಪ್ರಕಟಿಸಿದಾಗ, ಬದಲಾಗದ ಕಪ್ಪು ಶಕ್ತಿಯ ಜೊತೆಗೂ ಅದು ಹೊಂದಿಕೊಂಡಿತು.

ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ. ಡೆಸಿ ಎಂಬ ಯೋಜನೆಯವರು ಲಕ್ಷಾಂತರ ಗೆಲಾಕ್ಸಿಗಳ ನಕ್ಷೆ ಮಾಡಿ, 2024 ಮತ್ತು 2025ರಲ್ಲಿ ಕಪ್ಪು ಶಕ್ತಿ ಈಚೆಗೆ ಸ್ವಲ್ಪ ದುರ್ಬಲವಾಗುತ್ತಿರಬಹುದು ಎಂಬ ಸುಳಿವು ಕೊಟ್ಟರು. ಅದು ಸುಳಿವು ಮಾತ್ರ, ತೀರ್ಪಲ್ಲ. ಇಂಥ ಹೊತ್ತಿನಲ್ಲಿ ಬೇರೆ ಬಗೆಯ ಅಳತೆಗೋಲುಗಳು, ಒರಟಾದರೂ, ಬೇಕೇಬೇಕು.

ಹೊಸಕೋಟೆಯಿಂದ ಹಾನ್ಲೆಗೆ

ಈ ಕೆಲಸಕ್ಕೆ ಬೇಕಾದ ಸ್ಫೋಟಗಳನ್ನು ಹಿಡಿಯುವುದರಲ್ಲಿ ನಮ್ಮ ನಾಡಿಗೂ ಪಾಲಿದೆ. ಆಸ್ಟ್ರೋಸ್ಯಾಟ್ ಹಾರಿದ್ದು 2015ರ ಸೆಪ್ಟೆಂಬರ್ 28ರಂದು, ಶ್ರೀಹರಿಕೋಟಾದಿಂದ. ಅದರಲ್ಲಿರುವ ಸಿಝಡ್‌ಟಿಐ ಎಂಬ ಉಪಕರಣವನ್ನು ಅಕ್ಟೋಬರ್ 6ರಂದು ಚಾಲೂ ಮಾಡಿದ ದಿನವೇ ಒಂದು ಗಾಮಾ ಸ್ಫೋಟ ಸಿಕ್ಕಿತು. ತೀಕ್ಷ್ಣ ಕಿರಣಗಳಿಗೆ ಆ ಉಪಕರಣದ ಗೋಡೆಗಳು ಗಾಜಿನಂತೆ. ಹೀಗಾಗಿ ಹಿಂದಿನಿಂದ, ಪಕ್ಕದಿಂದ ಬಂದ ಸ್ಫೋಟವೂ ಒಳಗೆ ದಾಖಲಾಗುತ್ತದೆ. 2022ರಲ್ಲಿ ಅದರ ಲೆಕ್ಕ 500 ದಾಟಿತು. ಅದು ಕಳಿಸುವ ಮಾಹಿತಿಯನ್ನು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನ ದೊಡ್ಡ ಆಂಟೆನಾಗಳು ಹಿಡಿಯುತ್ತವೆ.

ಗಾಮಾ ಕಿರಣ ನಿಂತ ಮೇಲೆ ಸ್ಫೋಟದ ಜಾಗದಲ್ಲಿ ಕೆಲವು ಗಂಟೆ, ಕೆಲವು ದಿನ ಮಂಕು ಬೆಳಕು ಉಳಿದಿರುತ್ತದೆ. ಕೆಂಪು ಪಲ್ಲಟ ಸಿಗುವುದು ಹೆಚ್ಚಾಗಿ ಆ ಬೆಳಕಿನಿಂದ. ತಡಮಾಡಿದರೆ ಬೆಳಕು ಆರಿಹೋಗುತ್ತದೆ, ದೂರವೂ ಕೈತಪ್ಪುತ್ತದೆ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿ, 2 ಮೀಟರ್ ಅಗಲದ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಆ ಹೆಸರಿನ ಚಂದ್ರ ಆಕಾಶದ ಚಂದ್ರನಲ್ಲ, ಮೇಲೆ ಹೇಳಿದ ಚಂದ್ರಶೇಖರ್ ಅವರೇ. ಅದನ್ನು ನಡೆಸುವ ಭಾರತೀಯ ಖಭೌತ ಸಂಸ್ಥೆಯವರು ಚಳಿಯಲ್ಲಿ ಕೂರಬೇಕಾಗಿಲ್ಲ. ಬೆಂಗಳೂರಿನ ಪಕ್ಕದ ಹೊಸಕೋಟೆಯ ಕೇಂದ್ರದಲ್ಲಿ ಕುಳಿತು, ಉಪಗ್ರಹದ ಮೂಲಕ ಆಜ್ಞೆ ಕಳಿಸಿ, ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ದೂರದರ್ಶಕವನ್ನು ಬೇಕಾದ ಕಡೆ ತಿರುಗಿಸುತ್ತಾರೆ. ಹಾನ್ಲೆಯಲ್ಲೇ ಇರುವ ಗ್ರೋತ್-ಇಂಡಿಯಾ ಎಂಬ 70 ಸೆಂಟಿಮೀಟರಿನ ದೂರದರ್ಶಕ, 2022ರ ಅಕ್ಟೋಬರಿನ ಆ ದೊಡ್ಡ ಸ್ಫೋಟದ ಉಳಿದ ಬೆಳಕನ್ನು ಹಿಂಬಾಲಿಸಿ ನೋಡಿತು.

ಲೆಕ್ಕ ಮಾಡಿ

1. 5 ವ್ಯಾಟಿನ ಬಲ್ಬು 100 ಮೀಟರ್ ದೂರದಲ್ಲಿದೆ. 45 ವ್ಯಾಟಿನ ಬಲ್ಬು ಅಷ್ಟೇ ಪ್ರಕಾಶವಾಗಿ ಕಾಣಬೇಕಾದರೆ ಎಷ್ಟು ದೂರ ಇಡಬೇಕು?

2. ಗಿರಣಿಯ ಬಲ್ಬು 20 ವ್ಯಾಟಿನದು ಎಂದುಕೊಂಡು ನೀವು ದೂರ 400 ಮೀಟರ್ ಎಂದಿರಿ. ಹತ್ತಿರ ಹೋಗಿ ನೋಡಿದರೆ ಅದು 5 ವ್ಯಾಟಿನದು. ನಿಜವಾದ ದೂರ ಎಷ್ಟು?

3. ಗಾಮಾ ಸ್ಫೋಟದ ಹತ್ತಿರ ಹೋಗಿ ನೋಡುವಂತಿಲ್ಲ. ಹಾಗಾದರೆ ಇಂಥ ತಪ್ಪನ್ನು ಹೇಗೆ ಹಿಡಿಯಬಹುದು? ಗೆಳೆಯರೊಂದಿಗೆ ಚರ್ಚಿಸಿ, ನಿಮಗೆ ತೋಚಿದ ಉಪಾಯವನ್ನು ಬರೆಯಿರಿ.